ಒಂದು ಕಪ್ಪು ಹಾಳೆ

ನಮ್ಮ ಷೆಡ್ಡಿಗೆ ಎರಡು ಗೇಟು. ಮುಂದಿನದು ಆಫೀಸಿನವರಿಗೆ, ಹಿಂದಿನದು ಸೀಳುವವರಿಗೆ. ಮುಂದಿನ ಗೇಟಿನಲ್ಲಿ ಒಬ್ಬ ಮುದುಕ ಕೂತಿರುತ್ತಾನೆ. ನಮ್ಮನ್ನು ಕಂಡರೆ ಎದ್ದು ನಿಲ್ಲುತ್ತಾನೆ. ಹಿಂದಿನ ಗೇಟಿನಲ್ಲಿ ಒಬ್ಬ ಹೆಂಗಸು ನಿಂತಿರುತ್ತಾಳೆ. ಅವಳ ಮುಂದೆ ಒಂದು ತಗಡಿನ ತಟ್ಟೆ, ಕೈಯಲ್ಲಿ ಒಂದು ಬ್ರಷ್ಷು. ನಾನು ಹನ್ನೊಂದು ತಿಂಗಳು ಮುಂದಿನ ಗೇಟಿನಿಂದ ಓಡಾಡಿದೆ. ಅಮ್ಮ ಇಪ್ಪತ್ತೆರಡು ವರ್ಷ ಹಿಂದಿನ ಗೇಟಿನಿಂದ ಓಡಾಡಿದಳು.

ಒಳಗೆ ನಡೆಯುವುದು ಅಭ್ರಕ ಸೀಳುವ ಕೆಲಸ. ಜನ ಅದನ್ನು ಕಾಗೆಬಂಗಾರ ಎನ್ನುತ್ತಾರೆ. ಗಣಿಯಿಂದ ಗಡ್ಡೆ ಗಡ್ಡೆಯಾಗಿ ಬರುತ್ತದೆ. ನೋಡಲು ಕಲ್ಲು. ಒಳಗೆ ನೂರಾರು ಪದರ, ನೆನೆದು ಅಂಟಿಕೊಂಡ ಪುಸ್ತಕದ ಹಾಗೆ. ನಲವತ್ತು ಹೆಂಗಸರು ನೆಲದ ಮೇಲೆ ಗೋಣಿ ಹಾಸಿಕೊಂಡು ಕೂರುತ್ತಾರೆ. ಉಗುರಿನಿಂದ ಮೂಲೆ ಬಿಡಿಸಬೇಕು. ಚಾಕುವಿನ ತುದಿ ತೂರಿಸಬೇಕು. ಹಾಳೆ ಎದ್ದ ಮೇಲೆ ಅಂಚಿನುದ್ದಕ್ಕೂ ಹೆಬ್ಬೆಟ್ಟಿನಿಂದ ತೀಡಬೇಕು. ಪುಡಿಯನ್ನು ಬಾಯಿಂದ ಊದಬೇಕು. ಊದಿದ ಪುಡಿ ಎಲ್ಲಿಗೂ ಹೋಗುವುದಿಲ್ಲ, ಪಕ್ಕದವಳ ಮೂಗಿಗೆ ಹೋಗುತ್ತದೆ. ಅವಳು ಊದಿದ್ದು ಇವಳ ಮೂಗಿಗೆ. ಆಮೇಲೆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿಯಬೇಕು. ಬಿಳಿಯದು ಬುಟ್ಟಿಗೆ. ಕಪ್ಪು ಹಿಂದಕ್ಕೆ, ಕಸಕ್ಕೆ.

ಕಪ್ಪು ಅಭ್ರಕದಲ್ಲಿ ಕಬ್ಬಿಣದ ಅಂಶ ಇರುತ್ತದೆ. ವಿದ್ಯುತ್ ಯಂತ್ರಗಳಿಗೆ ಆಗುವುದಿಲ್ಲ. ನಮ್ಮಲ್ಲಿ ಅದನ್ನು ಕೊಳ್ಳುವವರಿಲ್ಲ. ಎಸೆದು ಎಸೆದು ಷೆಡ್ಡಿನ ಹಿಂದೆ ಅದರ ಗುಡ್ಡೆ ಈಗ ಗೋಡೆಗಿಂತ ಎತ್ತರ ಬೆಳೆದಿದೆ. ನಾಯಿಗಳು ಅದರ ಮೇಲೆ ಮಲಗುತ್ತವೆ. ಎದ್ದು ಹೋಗುವಾಗ ಅವುಗಳ ಮೈ ಮಿರಮಿರ ಮಿಂಚುತ್ತದೆ. ಅವುಗಳನ್ನು ಯಾರೂ ತಡೆದು ಹುಡುಕುವುದಿಲ್ಲ.

ಹೆಂಗಸರನ್ನು ಹುಡುಕುತ್ತಾರೆ. ಸಂಜೆ ಗಂಟೆ ಹೊಡೆದ ಕೂಡಲೇ ಸಾಲು ನಿಲ್ಲಬೇಕು. ತಲೆಬಟ್ಟೆ ಬಿಚ್ಚಿ ತಟ್ಟೆಯ ಮೇಲೆ ಕೊಡವಬೇಕು. ಕೂದಲು ಬಿಚ್ಚಬೇಕು. ಗೇಟಿನವಳು ಬ್ರಷ್ಷಿನಿಂದ ಕುದುರೆಗೆ ಉಜ್ಜಿದಂತೆ ಉಜ್ಜುತ್ತಾಳೆ. ಬಾಯಿ ತೆರೆದು ತೋರಿಸಬೇಕು. ಕೈಗಳನ್ನು ಬಕೆಟ್ಟಿನ ನೀರಿನಲ್ಲಿ ಅದ್ದಬೇಕು. ತಟ್ಟೆಯಲ್ಲಿ ಬಿದ್ದದ್ದು, ಬಕೆಟ್ಟಿನ ತಳದಲ್ಲಿ ನಿಂತದ್ದು, ಎರಡೂ ವಾಪಸ್ ಒಳಗೆ ಹೋಗುತ್ತವೆ. ಆ ಪುಡಿಯನ್ನು ಮುಖಕ್ಕೆ ಹಚ್ಚುವ ಬಣ್ಣದಲ್ಲಿ ಸೇರಿಸುತ್ತಾರಂತೆ.

ಅಮ್ಮನ ಪಕ್ಕದ ಗೋಣಿಯವಳಿಗೆ ರೇಡಿಯೋ ಎಂದು ಹೆಸರು. ಬಾಯಿ ನಿಲ್ಲಿಸುವವಳಲ್ಲ. ಅವಳು ಸಾಲಿನಲ್ಲಿ ನಿಂತು ಹೇಳುತ್ತಿದ್ದಳು, "ನಾವು ಕೈ ತೊಳೆದ ನೀರು ದೊಡ್ಡವರ ಕೆನ್ನೆಗೆ ಹೋಗ್ತದಲ್ಲೇ ಅಕ್ಕ. ಒಂದಿನ ಉಗುಳಿಬಿಡ್ಲಾ ಅಂತೀನಿ."

"ಉಗುಳು," ಎನ್ನುತ್ತಿದ್ದಳು ಅಮ್ಮ. "ಅದಕ್ಕೂ ಒಂದು ಬಕೆಟ್ಟು ಇಡ್ತಾರೆ."

ನಾನು ಇದನ್ನೆಲ್ಲ ಗಾಜಿನ ಹಿಂದಿನಿಂದ ನೋಡುತ್ತಿದ್ದೆ. ಡಿಗ್ರಿ ಮುಗಿದ ಮೇಲೆ ಮ್ಯಾನೇಜರ್ ಅಮ್ಮನಿಗೆ ಹೇಳಿಕಳಿಸಿದ್ದರು, ಓದಿದ ಹುಡುಗಿ, ನೆರಳಲ್ಲಿ ಕೂರಲಿ ಎಂದು. ಪೆಟ್ಟಿಗೆಗಳ ಮೇಲೆ ಅಂಟಿಸುವ ಚೀಟಿ ಬರೆಯುವುದು ನನ್ನ ಕೆಲಸ. ಒಂದು ಮೇಜು, ಒಂದು ಕುರ್ಚಿ, ಒಂದು ಗೋಂದಿನ ಬಾಟಲಿ. ಆ ಕುರ್ಚಿ ನನ್ನದಕ್ಕಿಂತ ಹೆಚ್ಚಾಗಿ ಅಮ್ಮನದು. ಮೊದಲ ದಿನ ಅವಳು ಗೋಣಿಯ ಮೇಲಿಂದ ಕತ್ತೆತ್ತಿ ಗಾಜಿನೊಳಗೆ ನೋಡಿದಳು. ನನ್ನನ್ನಲ್ಲ, ಕುರ್ಚಿಯನ್ನು.

ನನಗೆ ಮಾತು ಕಡಿಮೆ. ಕಡಿಮೆ ಅಲ್ಲ, ಬರುವುದಿಲ್ಲ. ಗಂಟಲ ತನಕ ಬಂದದ್ದು ಅಲ್ಲೇ ನಿಂತುಬಿಡುತ್ತದೆ. ಆಫೀಸಿನ ಇತರರು ಬೆನ್ನ ಹಿಂದೆ ನಗುತ್ತಾರೆಂಬ ಹೆದರಿಕೆಗೆ ಹನ್ನೊಂದು ತಿಂಗಳು ಊಟದ ಡಬ್ಬಿಯ ಮುಚ್ಚಳವನ್ನು ಅರ್ಧವೇ ತೆರೆದು ಉಂಡವಳು ನಾನು. ಈ ಕಥೆಯ ತಪ್ಪು ಇಲ್ಲಿಂದಲೇ ಶುರುವಾಗುತ್ತದೆ.

ಕಾಲೇಜಿನ ಕೊನೆಯ ವರ್ಷ ನಮ್ಮ ಭೂವಿಜ್ಞಾನದ ಮೇಷ್ಟರು ಒಂದು ಕಲ್ಲನ್ನು ಕೂದಲಿಗಿಂತ ತೆಳ್ಳಗೆ ತೇಯ್ದು ಗಾಜಿಗೆ ಅಂಟಿಸಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟಿದ್ದರು. ಅದರಲ್ಲಿ ಕಪ್ಪು ಅಭ್ರಕ ಇತ್ತು. ಬಯೊಟೈಟ್ ಎಂದರು. ನಾನು ಕಣ್ಣಿಟ್ಟು ನೋಡಿದೆ. ಕಪ್ಪು ಎಲ್ಲೂ ಇರಲಿಲ್ಲ. ಕಡುಕಂದು ಇತ್ತು. ಕೆಳಗಿನ ತಟ್ಟೆಯನ್ನು ತಿರುಗಿಸಿದರೆ ಅದೇ ಚೂರು ಒಣಹುಲ್ಲಿನ ಬಣ್ಣಕ್ಕೆ ತಿರುಗಿತು. ಇನ್ನಷ್ಟು ತಿರುಗಿಸಿದರೆ ಮತ್ತೆ ಕಂದು. ಬೆಂಕಿಯಿಂದ ಹುಟ್ಟಿದ ಕಲ್ಲಿನಲ್ಲೂ, ಒತ್ತಡದಲ್ಲಿ ಬೆಂದು ಬದಲಾದ ಕಲ್ಲಿನಲ್ಲೂ ಇದು ಸಿಗುತ್ತದೆ, ನೀವು ದಿನಾ ತುಳಿಯುವ ಮೆಟ್ಟಿಲಲ್ಲೂ ಇದೆ ಎಂದರು ಮೇಷ್ಟರು.

ಅದನ್ನು ಒಂದು ಭಾನುವಾರ ಅಮ್ಮನಿಗೆ ಹೇಳಿದೆ. ಅಮ್ಮನ ಹತ್ತಿರ ಮಾತ್ರ ನನಗೆ ಮಾತು ಬರುತ್ತದೆ. ಅವಳು ಬಟ್ಟೆ ಹಿಂಡುತ್ತಿದ್ದವಳು ನಿಲ್ಲಿಸಿದಳು.

"ಕರೀದು ಕರ್ರಗಿರಲ್ವಾ?"

"ತೆಳ್ಳಗೆ ಸೀಳಿದ್ರೆ ಜೇನಿನ ಥರ ಇರತ್ತೆ ಅಮ್ಮ."

"ಇಪ್ಪತ್ತೆರಡು ವರ್ಷದಿಂದ ಬೆನ್ನ ಹಿಂದಕ್ಕೆ ಎಸೀತಿದ್ದೀನಿ. ನಂಗೆ ಗೊತ್ತಿಲ್ಲದ್ದು ನಿಂಗೆ ಗೊತ್ತಾ?" ಎಂದು ನಕ್ಕಳು. ನಗು ಕೆಮ್ಮಾಯಿತು. ಅವಳ ನಗುವೆಲ್ಲ ಈಗ ಹಾಗೇ ಮುಗಿಯುತ್ತದೆ.

"ಒಂದು ಚೂರು ಸಿಕ್ಕಿದ್ರೆ ತೋರಿಸ್ತಿದ್ದೆ," ಎಂದೆ.

ಚೂರು ಸಿಗದೆ ಏನು. ಆ ಗುಡ್ಡೆ ನನ್ನ ಮೇಜಿನಿಂದ ಇಪ್ಪತ್ತು ಹೆಜ್ಜೆ. ನನ್ನನ್ನು ಯಾವ ಗೇಟಿನಲ್ಲೂ ಹುಡುಕುವುದಿಲ್ಲ. ಬಗ್ಗಿ ಒಂದನ್ನು ಎತ್ತಿಕೊಂಡು ಚೀಲಕ್ಕೆ ಹಾಕಿದ್ದರೆ ಮುಗಿಯುತ್ತಿತ್ತು. ಮೂರು ದಿನ ಗುಡ್ಡೆಯ ತನಕ ಹೋಗಿ ಬಂದೆ. ಮೂರು ದಿನವೂ ಆಫೀಸಿನ ಕಿಟಕಿಯಲ್ಲಿ ಯಾರೋ ಇದ್ದರು. ಸೀಳುವವಳ ಮಗಳು ಕಸ ಆರಿಸುತ್ತಿದ್ದಾಳೆ ಎಂದಾರು ಅನ್ನಿಸಿತು. ನಾನು ಬಗ್ಗಲಿಲ್ಲ. ಅಮ್ಮ ಬಗ್ಗಿದಳು.

ನಾಲ್ಕನೆಯ ದಿನ ಮಧ್ಯಾಹ್ನದ ಬಿಡುವಿನಲ್ಲಿ ಒಂದು ಕಪ್ಪು ತುಂಡನ್ನು ತೆಗೆದುಕೊಂಡು, ಊಟ ಬಿಟ್ಟು, ಸೀಳಿದಳಂತೆ. ರೇಡಿಯೋ ಆಮೇಲೆ ಹೇಳಿದ್ದು. ಒಂದು ಸಲ ಸೀಳಿದಳು, ಕಪ್ಪು. ಅದನ್ನೇ ಮತ್ತೆ ಸೀಳಿದಳು, ಇನ್ನೂ ಕಪ್ಪು. ಮತ್ತೆ. ಮತ್ತೆ. ಆಮೇಲೆ ಬೆಳಕಿಗೆ ಹಿಡಿದು, "ನೋಡ್ರೇ, ನನ್ನ ಮಗಳು ಹೇಳಿದ್ದು ಸುಳ್ಳಲ್ಲ," ಎಂದಳಂತೆ. ಆ ಹಾಳೆ ಅಂಗೈಯಷ್ಟಿತ್ತು. ಅದನ್ನು ತಲೆಬಟ್ಟೆಯ ಮಡಿಕೆಯಲ್ಲಿ ಇಟ್ಟುಕೊಂಡಳು. ಕಸ ಎಂದುಕೊಂಡಳು. ಕಸಕ್ಕೂ ಗೇಟಿದೆ ಎಂದು ಅವಳಿಗೆ ಹೊಳೆಯಲಿಲ್ಲ. ಸೀಳುವವರಿಗೆ ಮಾತ್ರ ಆಗಬಹುದಾದ ತಪ್ಪು ಇದು. ಬಿಳಿ ಎಂದರೆ ಮಾಲು, ಕಪ್ಪು ಎಂದರೆ ಏನೂ ಅಲ್ಲ. ಹಾಗೆಂದು ಷೆಡ್ಡೇ ಅವರಿಗೆ ಕಲಿಸಿತ್ತು.

ಸಂಜೆ ಅದು ತಟ್ಟೆಗೆ ಬಿತ್ತು.

ಇಲ್ಲಿ ಒಂದು ವಿಷಯ ಹೇಳಬೇಕು. ಅದಕ್ಕೆ ಮೂರು ವಾರ ಮೊದಲು ಹಿಂದಿನ ಗೇಟಿನ ಪಕ್ಕ ಹಲಗೆಗಳು ಬಂದು ಬಿದ್ದಿದ್ದವು. ಒಂದು ಸಣ್ಣ ಕೋಣೆ ಕಟ್ಟುತ್ತಾರೆ, ಹೆಂಗಸರನ್ನು ಒಬ್ಬೊಬ್ಬರಾಗಿ ಒಳಗೆ ಕರೆದು ಪೂರ್ತಿ ಬಟ್ಟೆ ಬಿಚ್ಚಿಸಿ ನೋಡುತ್ತಾರೆ ಎಂದು ಸುದ್ದಿಯಾಯಿತು. ಹೆಂಗಸರು ಕೆಲಸ ನಿಲ್ಲಿಸಿ ಕೂತರು. ಮ್ಯಾನೇಜರ್ ಬಂದು ಸಮಾಧಾನದ ಧ್ವನಿಯಲ್ಲಿ ಹೇಳಿದರು, "ಕಳ್ಳತನ ಇಲ್ಲ ಅಂದ್ರೆ ಕೋಣೆ ಯಾಕಮ್ಮ? ಮೇಲಿನವರು ಕಾರಣ ಕೇಳ್ತಾರೆ. ಒಂದೇ ಒಂದು ಕಳ್ಳತನ ಬರಹದಲ್ಲಿ ಸಿಕ್ಕಿದ ದಿನ ನೋಡೋಣ." ಹೆಂಗಸರು ಮತ್ತೆ ಚಾಕು ಹಿಡಿದು ಕೆಲಸಕ್ಕೆ ಕೂತರು. ಹಲಗೆಗಳು ಗೋಡೆಗೆ ಒರಗಿಕೊಂಡು ಕಾದವು.

ಮಾರನೆಯ ಬೆಳಿಗ್ಗೆ ನಾನು ಚೀಟಿ ಬರೆಯುತ್ತಿದ್ದೆ. ಗೇಟಿನವಳು ಒಳಗೆ ಬಂದಳು. ಅವಳು ನನ್ನ ಮುಖ ನೋಡಲಿಲ್ಲ.

"ಗೋಂದು ಬೇಕಂತೆ."

ಯಾಕೆ ಎಂದು ನಾನು ಕೇಳಲಿಲ್ಲ. ಬಾಟಲಿಯನ್ನು ಕೊಟ್ಟೆ. ಮುಚ್ಚಳ ಬಿಗಿಯಾಗಿತ್ತು, ಅದನ್ನು ತಿರುಗಿಸಿ ಸಡಿಲ ಮಾಡಿ ಕೊಟ್ಟೆ.

ಸ್ವಲ್ಪ ಹೊತ್ತಿಗೆ ಆಫೀಸಿನವರೆಲ್ಲ ಕಿಟಕಿಯ ಹತ್ತಿರ ಹೋದರು. ನಾನೂ ಹೋದೆ. ಗುಡ್ಡೆಯ ಪಕ್ಕ, ಬಿಸಿಲಲ್ಲಿ, ಅಮ್ಮ ನಿಂತಿದ್ದಳು. ತಲೆಬಟ್ಟೆ ಇರಲಿಲ್ಲ. ಕೂದಲು ಬಿಚ್ಚಿತ್ತು. ಹಣೆಯ ಮೇಲೆ ಆ ಹಾಳೆಯನ್ನು ಅಂಟಿಸಿದ್ದರು. ನನ್ನ ಗೋಂದಿನಿಂದ. ಹಾಳೆ ಹುಬ್ಬಿನ ತನಕ ಇಳಿದಿತ್ತು. ಬಿಸಿಲು ಅದರ ಮೇಲೆ ಬಿದ್ದು ಹೊಳೆಯುತ್ತಿತ್ತು. ಷೆಡ್ಡಿನ ಬಾಗಿಲನ್ನು ಪೂರ್ತಿ ತೆರೆದಿಟ್ಟಿದ್ದರು. ಗೋಣಿಯ ಮೇಲಿನ ಮೂವತ್ತೊಂಬತ್ತು ಜನಕ್ಕೂ ಕಾಣಲಿ ಎಂದು.

ಅವಳು ಎಂಟು ಗಂಟೆಯಿಂದ ಹನ್ನೆರಡರ ತನಕ ನಿಂತಳು. ಎರಡು ಸಲ ಕೆಮ್ಮು ಬಂತು. ಕೆಮ್ಮುವಾಗ ಬಗ್ಗಬಾರದು ಎಂದರು. ನಿಂತೇ ಕೆಮ್ಮಿದಳು. ನಾನು ಕುರ್ಚಿಗೆ ಹೋಗಿ ಕೂತು ಚೀಟಿ ಬರೆದೆ. ಹೌದು, ಬರೆದೆ. ಇಪ್ಪತ್ತಾರು ಚೀಟಿ ಬರೆದೆ. ಅಂಟಿಸಲು ಗೋಂದು ಇರಲಿಲ್ಲ.

ಹನ್ನೆರಡಕ್ಕೆ ನಮ್ಮಿಬ್ಬರನ್ನೂ ಮ್ಯಾನೇಜರ್ ಕೋಣೆಗೆ ಕರೆದರು. ಅಮ್ಮನ ಹಣೆಯಿಂದ ಹಾಳೆಯನ್ನು ಕಿತ್ತಿದ್ದರು. ಅದರ ಜೊತೆ ಚರ್ಮವೂ ಅಲ್ಲಲ್ಲಿ ಎದ್ದಿತ್ತು. ಹಾಳೆ ಮೇಜಿನ ಮೇಲೆ ಎರಡು ತುಂಡಾಗಿ ಬಿದ್ದಿತ್ತು.

"ನಿಮ್ಮಮ್ಮನಿಗೆ ಓದಕ್ಕೆ ಬರಲ್ಲ," ಎಂದರು ಮ್ಯಾನೇಜರ್, ಒಂದು ಕಾಗದವನ್ನು ನನ್ನ ಮುಂದೆ ಸರಿಸುತ್ತಾ. "ನೀನೇ ಓದಿ ಹೇಳು ತಾಯಿ. ನಿನ್ನ ಧ್ವನಿ ಇವತ್ತಾದ್ರೂ ಕೇಳೋಣ."

ಓದಿದೆ. ಅಮ್ಮನೇ ಹೇಳಿದ ಹಾಗೆ ಬರೆದಿಟ್ಟಿದ್ದರು. ಷೆಡ್ಡಿನ ಮಾಲನ್ನು ತಲೆಬಟ್ಟೆಯಲ್ಲಿ ಬಚ್ಚಿಟ್ಟು ಕದ್ದೊಯ್ಯುತ್ತಿದ್ದೆ. ಈ ಹಿಂದೆಯೂ ಹಲವು ಬಾರಿ ಒಯ್ದಿದ್ದೇನೆ. ಇತರ ಕೆಲಸದವರೂ ಒಯ್ಯುತ್ತಾರೆ. ಆದ್ದರಿಂದ ಮೈ ಪೂರ್ತಿ ಪರೀಕ್ಷೆ ನಡೆಸುವುದು ಅಗತ್ಯವೆಂದು ಒಪ್ಪುತ್ತೇನೆ.

"ಹಲವು ಬಾರಿ ಎಲ್ಲಿ?" ಎಂದಳು ಅಮ್ಮ. "ಮಿಕ್ಕವರು ಇದರಲ್ಲಿ ಎಲ್ಲಿಂದ ಬಂದ್ರು?"

"ಬರಹ ಅಂದ್ರೆ ಹಾಗೇ ಇರತ್ತಮ್ಮ. ಹೆಬ್ಬೆಟ್ಟು ಒತ್ತು, ನಾಳೆಯಿಂದ ನಿನ್ನ ಗೋಣಿ ನಿಂಗೆ. ಮಗಳ ಕುರ್ಚಿಯೂ ಎಲ್ಲೂ ಹೋಗಲ್ಲ."

ಅಮ್ಮ ಗಾಜಿನಾಚೆ ನನ್ನ ಕುರ್ಚಿಯನ್ನು ನೋಡಿದಳು. ಆಮೇಲೆ ಬಾಗಿಲಾಚೆ ಹಲಗೆಗಳನ್ನು. ಯಾವುದು ಭಾರ ಎಂದು ಅವಳು ತೂಗುತ್ತಿದ್ದದ್ದು ನನಗೆ ಕಂಡಿತು. ಕೊನೆಗೆ ಹೆಬ್ಬೆಟ್ಟನ್ನು ಶಾಯಿಯ ಪ್ಯಾಡಿಗೆ ಒತ್ತಿ, ಕಾಗದಕ್ಕೆ ಒತ್ತಿದಳು.

ಕಪ್ಪು ಮಚ್ಚೆ ಬಿತ್ತು. ಅದರಲ್ಲಿ ಗೆರೆ ಇರಲಿಲ್ಲ.

"ಸರಿಯಾಗಿ ಒತ್ತು," ಎಂದರು ಮ್ಯಾನೇಜರ್.

ಒತ್ತಿದಳು. ಮಚ್ಚೆ.

"ಶಾಯಿ ಜಾಸ್ತಿ ಆಯ್ತು. ಒರೆಸ್ಕೊಂಡು ಒತ್ತು."

ಒರೆಸಿಕೊಂಡು ಒತ್ತಿದಳು. ಎಡಗೈ ಒತ್ತಿದಳು. ತೋರುಬೆರಳು ಒತ್ತಿದಳು. ಕಾಗದದ ಕೆಳಗೆ ಐದು ಮಚ್ಚೆಗಳಾದವು. ಐದೂ ನುಣ್ಣಗೆ. ಮ್ಯಾನೇಜರ್ ಅವಳ ಕೈ ಹಿಡಿದು ತಿರುಗಿಸಿ ನೋಡಿದರು. ನಾನೂ ನೋಡಿದೆ. ಇಷ್ಟು ವರ್ಷ ನನ್ನ ತಲೆ ಬಾಚಿದ ಕೈ. ಬೆರಳ ತುದಿಗಳು ಹೊಳೆಯುತ್ತಿದ್ದವು, ಸವೆದ ನಾಣ್ಯದ ಹಾಗೆ. ಅಡ್ಡಡ್ಡ ಚಾಕುವಿನ ಗಾಯಗಳಿದ್ದವು. ಹುಟ್ಟುವಾಗ ತಂದ ಗೆರೆ ಒಂದೂ ಇರಲಿಲ್ಲ.

"ಗೆರೆ ಎಲ್ಲಿ?" ಎಂದರು ಮ್ಯಾನೇಜರ್. ಅವರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು.

"ಇಲ್ಲೇ ಬಿಟ್ಟು ಹೋಗ್ತಿದ್ದೆನಲ್ಲ ಸ್ವಾಮಿ, ದಿನಾ ಒಂದಿಷ್ಟು," ಎಂದಳು ಅಮ್ಮ. ಅವಳು ಕುಟುಕಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಳು, ಅಷ್ಟೆ. "ತಟ್ಟೆಯಲ್ಲಿ ಗುಡಿಸ್ಕೊಂಡ್ರಲ್ಲ, ಅದರಲ್ಲಿ ಹುಡುಕಿಸಿ. ಸಿಕ್ಕಿದ್ರೆ ನಿಮ್ಮದೇ."

ಮ್ಯಾನೇಜರ್ ಅವಳ ಕೈ ಬಿಟ್ಟರು.

"ಈ ಮಚ್ಚೆ ಯಾರದ್ದೂ ಆಗಬಹುದು. ಮೇಲಿನವರು ಒಪ್ಪಲ್ಲ. ಮಗಳು ಕೆಳಗೆ ಬರೆದು ಸಹಿ ಹಾಕಲಿ. ನನ್ನ ತಾಯಿಯೇ ಒತ್ತಿದ್ದು, ಓದಿ ಹೇಳಿದ್ದೇನೆ ಅಂತ."

"ಹಾಕು ಮಗಳೇ," ಎಂದಳು ಅಮ್ಮ. "ಹೋಗ್ಲಿ. ಹಾಕ್ಬಿಡು."

ಪೆನ್ನು ತೆಗೆದುಕೊಂಡೆ. 'ನನ್ನ' ಎಂದು ಬರೆದೆ. 'ತಾಯಿ' ಎಂದು ಬರೆಯಲು ಹೋದಾಗ ಅಮ್ಮನ ಹಣೆ ಕಂಡಿತು. ಗೋಂದು ಒಣಗಿ ಚರ್ಮ ಬಿಗಿದಿತ್ತು. ಒಂದು ಹುಬ್ಬು ಮೇಲಕ್ಕೆ ಎಳೆದು ನಿಂತಿತ್ತು. ಏನನ್ನೋ ಕೇಳುತ್ತಿರುವವಳ ಹಾಗೆ.

"ಬರೆಯಲ್ಲ," ಎಂದೆ. ಧ್ವನಿ ಬರಲಿಲ್ಲ.

"ಏನಂದೆ?"

"ಬರೆಯಲ್ಲ."

ಈ ಸಲ ಬಂತು. ನನ್ನದೆಂದು ನನಗೇ ಗುರುತು ಸಿಗಲಿಲ್ಲ.

"ಅದನ್ನ ಕೇಳಿದ್ದು ನಾನು. ನೋಡಕ್ಕೆ. ಕಸ ಅದು. ನೀವು ಎಸೆದಿದ್ದು."

"ಕಸವೋ ಬಂಗಾರವೋ, ಗೋಡೆ ಒಳಗಿದ್ದದ್ದೆಲ್ಲ ಷೆಡ್ಡಿಂದು."

"ಹಾಗಾದ್ರೆ ಅಮ್ಮನ ಕೆಮ್ಮು ಯಾರದು?" ಎಂದೆ. ಪೆನ್ನನ್ನು ಕೆಳಗಿಟ್ಟೆ. "ಅದೂ ಗೋಡೆ ಒಳಗೇ ಸಿಕ್ಕಿದ್ದು. ದಿನಾ ಗೇಟು ದಾಟಿಸ್ಕೊಂಡು ಮನೆಗೆ ತರ್ತಾಳೆ. ಅದನ್ನ ಯಾಕೆ ತಡೆದು ಇಟ್ಕೊಳ್ಳಲ್ಲ ನೀವು?"

ಮ್ಯಾನೇಜರ್ ಕಾಗದವನ್ನು ಮಡಿಸುತ್ತಾ, "ಇಬ್ಬರೂ ನಾಳೆಯಿಂದ ಬರೋದು ಬೇಡ," ಎಂದರು. ಅವರ ಧ್ವನಿ ಆಗಲೂ ಮೆತ್ತಗೇ ಇತ್ತು.

ಅಮ್ಮ ನನ್ನ ರಟ್ಟೆ ಹಿಡಿದಳು. ಬಿಗಿಯಾಗಿ ಹಿಡಿದಳು. "ಏನ್ ಮಾಡ್ದೆ ಕೂಸೇ," ಎಂದಳು. ಕೈ ಬಿಡಿಸಿಕೊಂಡು ಹೊರಗೆ ಬಂದೆ. ಕಾಲು ಮುಂದಿನ ಗೇಟಿನ ಕಡೆ ಹೋಗಲಿಲ್ಲ.

ಗುಡ್ಡೆಯ ಹತ್ತಿರ ಹೋದೆ. ಕಿಟಕಿಯಲ್ಲಿ ಎಲ್ಲರೂ ಇದ್ದರು. ಷೆಡ್ಡಿನ ಬಾಗಿಲು ಇನ್ನೂ ತೆರೆದೇ ಇತ್ತು. ಬಗ್ಗಿದೆ. ಒಂದು ಕಪ್ಪು ಗಡ್ಡೆಯನ್ನು ಎತ್ತಿದೆ, ಮುಷ್ಟಿ ಗಾತ್ರದ್ದು. ಬಿಸಿಲಿಗೆ ಕಾದಿತ್ತು. ಅಂಗೈ ಮೇಲೆ ಇಟ್ಟುಕೊಂಡು, ಮುಚ್ಚದೆ, ಹಿಂದಿನ ಗೇಟಿಗೆ ಹೋದೆ.

"ನಿಮ್ಮ ಗೇಟು ಆ ಕಡೆ," ಎಂದಳು ಗೇಟಿನವಳು.

"ಇವತ್ತು ಇದೇ. ಹುಡುಕಿ."

ಜಡೆ ಬಿಚ್ಚಿದೆ. ಬಾಯಿ ತೆರೆದೆ. ಅಮ್ಮ ಇಪ್ಪತ್ತೆರಡು ವರ್ಷ ತೆರೆದ ಹಾಗೆ ತೆರೆದೆ. ಗಡ್ಡೆ ಇದ್ದ ಕೈಯನ್ನು ಮುಂದೆ ಚಾಚಿದೆ. ಗೇಟಿನವಳ ಬ್ರಷ್ಷು ಅರ್ಧಕ್ಕೆ ಎದ್ದು ನಿಂತಿತು. ಅವಳು ನಮ್ಮ ಬೀದಿಯವಳೇ. ನಾನು ಸಣ್ಣವಳಿದ್ದಾಗ ಅವಳ ಮನೆಯ ಕಟ್ಟೆಯ ಮೇಲೆ ಆಡುತ್ತಿದ್ದೆ, ಅತ್ತೆ ಎನ್ನುತ್ತಿದ್ದೆ.

"ಬಾಯಿ ಮುಚ್ಕೋ ಕೂಸೇ," ಎಂದಳು, ತುಂಬ ಮೆಲ್ಲಗೆ. "ನೋಡಕ್ಕಾಗಲ್ಲ ನನ್ನ ಕೈಲಿ. ಹೋಗು."

ಹಿಂದೆ ಗೋಣಿ ಸರಿದ ಸದ್ದಾಯಿತು. ರೇಡಿಯೋ ಎದ್ದು ಬಂದಿದ್ದಳು. ಬಾಯಲ್ಲಿ ಒಂದು ಮಾತಿರಲಿಲ್ಲ. ಹೋಗಿ ಒಂದು ಕಪ್ಪು ಗಡ್ಡೆ ಎತ್ತಿಕೊಂಡು ನನ್ನ ಹಿಂದೆ ನಿಂತಳು. ಅವಳ ಹಿಂದೆ ಇನ್ನೊಬ್ಬಳು. ಮೂವತ್ತೊಂಬತ್ತೂ ಜನ ಬಂದರು ಎಂದು ಬರೆಯಬೇಕೆಂದು ನನಗೆ ಆಸೆ. ಬಂದದ್ದು ಒಂಬತ್ತು ಜನ. ಮಿಕ್ಕವರು ಚಾಕು ಹಿಡಿದು ತಲೆ ತಗ್ಗಿಸಿ ಕೂತಿದ್ದರು. ಆದರೆ ಯಾರ ಚಾಕುವೂ ಆಡುತ್ತಿರಲಿಲ್ಲ.

ಅಮ್ಮ ಏನನ್ನೂ ಎತ್ತಿಕೊಳ್ಳಲಿಲ್ಲ. ತಲೆಬಟ್ಟೆಯನ್ನು ಹುಡುಕಿ ತಂದು, ಕೊಡವದೆ, ಹಾಗೇ ಕಟ್ಟಿಕೊಂಡು ಹೊರಗೆ ಬಂದಳು. ದಾರಿಯುದ್ದಕ್ಕೂ ನನ್ನನ್ನು ಬೈದಳು. ಕುರ್ಚಿ ಹೋಯ್ತಲ್ಲೇ, ಓದಿಸಿದ್ದು ಇದಕ್ಕೇನೇ, ಅನ್ನಕ್ಕೆ ಕಲ್ಲು ಹಾಕ್ದೆಯಲ್ಲೇ ಎಂದಳು. ಬೀದಿಯವರು ಬಾಗಿಲಿಗೆ ಬಂದು ನೋಡಿದರು. ಅಮ್ಮನ ಬಟ್ಟೆ, ಕತ್ತು, ಕಿವಿಯ ಹಿಂಭಾಗ ಎಲ್ಲ ಬಿಸಿಲಿಗೆ ಮಿಂಚುತ್ತಿತ್ತು. ಅವಳು ಷೆಡ್ಡಿನಿಂದ ಹಾಗೆ ಬಂದದ್ದು ಅದೇ ಮೊದಲು.

ಇವತ್ತಿಗೆ ಹನ್ನೊಂದು ದಿನ. ಅವತ್ತು ನಮ್ಮ ಜೊತೆ ಗೇಟು ದಾಟಿದ ಒಂಬತ್ತು ಜನರಲ್ಲಿ ನಾಲ್ವರು ವಾಪಸ್ ಕೆಲಸಕ್ಕೆ ಹೋದರು, ಅವರನ್ನು ನಾನು ದೂರುವುದಿಲ್ಲ. ತಟ್ಟೆ ಇದೆ, ಬ್ರಷ್ಷು ಇದೆ, ಬಕೆಟ್ಟು ಇದೆ. ರೇಡಿಯೋ ನಿನ್ನೆ ಬಂದು ಹೇಳಿದಳು, "ಹಲಗೆ ಇನ್ನೂ ಗೋಡೆಗೆ ಒರಗಿಕೊಂಡೇ ಇದೆ. ಬಿಸಿಲಿಗೆ ಬಾಗಿ ಬಿಲ್ಲಾಗಿದೆ. ಇನ್ನು ಅದರಲ್ಲಿ ಕೋಣೆ ಕಟ್ಟಿದ್ರೆ ಮ್ಯಾನೇಜರೇ ಬಗ್ಗಿ ಒಳಗೆ ಹೋಗ್ಬೇಕು." ನಾಳೆ ಹೊಸ ಹಲಗೆ ಬರಬಹುದು. ಬೇರೆ ಯಾರದ್ದೋ ಹೆಬ್ಬೆಟ್ಟು ಸಿಗಬಹುದು. ಗೆರೆ ಉಳಿದಿರುವ, ಹೊಸದಾಗಿ ಸೇರಿದ ಹುಡುಗಿಯದು.

ಅಮ್ಮ ಎಂಟು ದಿನ ನನ್ನ ಜೊತೆ ಮಾತಾಡಲಿಲ್ಲ. ಗೋಡೆಗೆ ಒರಗಿ ಕೂತಿರುತ್ತಿದ್ದಳು. ಕೈ ಸುಮ್ಮನಿರುತ್ತಿರಲಿಲ್ಲ. ಊಟದ ತಟ್ಟೆಯ ಅಂಚನ್ನು ಹೆಬ್ಬೆಟ್ಟಿನಿಂದ ತೀಡುತ್ತಲೇ ಇರುತ್ತಿದ್ದಳು. ಒಂಬತ್ತನೆಯ ದಿನ ನಾನು ತಂದ ಗಡ್ಡೆಯನ್ನು ಕಿಟಕಿಯಿಂದ ತೆಗೆದು, ಅಡಿಗೆಯ ಚಾಕುವಿನಿಂದ ಮೂಲೆ ಬಿಡಿಸಿ, ಸೀಳಿ ಸೀಳಿ, ಒಂದು ಹಾಳೆ ಮಾಡಿ ನನ್ನ ಮಡಿಲಿಗೆ ಹಾಕಿದಳು. ಬೆಳಕಿಗೆ ಹಿಡಿದೆ. ಜೇನಿನ ಬಣ್ಣ. ಅದರಾಚೆ ನಮ್ಮ ಬೀದಿ, ನಲ್ಲಿ, ಕೊಡ ಹಿಡಿದು ನಿಂತವರು.

ಇವತ್ತು ಮಧ್ಯಾಹ್ನ ಹೊಸ್ತಿಲ ಮೇಲೆ ಕೂತು ಇದನ್ನು ಬರೆಯುತ್ತಿದ್ದಾಗ ಪಕ್ಕ ಬಂದು ಕೂತಳು.

"ಏನದು? ಓದು."

ಮೊದಲಿನಿಂದ ಓದಿದೆ. ಗೋಂದಿನ ಜಾಗದಲ್ಲಿ ನಿಲ್ಲಿಸಿದೆ. "ಓದು," ಎಂದಳು. ಓದಿದೆ. ಒಂದು ಕಡೆ ಕೈ ಅಡ್ಡ ಹಿಡಿದಳು.

"ತಲೆಬಟ್ಟೆಯಲ್ಲಿ ಏನು ಮಾಡ್ದೆ ಅಂತ ಬರೆದಿದ್ದೀಯ?"

"ಬಚ್ಚಿಟ್ಟಳು ಅಂತ."

"ಅದು ಅವರ ಕಾಗದದ ಮಾತು. ನಾನು ಬಚ್ಚಿಡಲಿಲ್ಲ. ಇಟ್ಕೊಂಡೆ. ಹಾಗೆ ಬರಿ."

ಹೊಡೆದು ಹಾಕಿ ಹಾಗೆ ಬರೆದೆ. ಅಕ್ಷರ ಗೊತ್ತಿಲ್ಲದಿದ್ದರೂ ಅವಳು ನಾನು ಹೊಡೆದು ಹಾಕಿದ ಜಾಗವನ್ನು ಬಗ್ಗಿ ನೋಡಿದಳು. ಆಮೇಲೆ ಎದ್ದು ಒಳಗೆ ಹೋದಳು. ಪಾತ್ರೆಯ ತಳದ ಮಸಿಗೆ ಹೆಬ್ಬೆಟ್ಟು ತೀಡಿಕೊಂಡು ಬಂದು ಈ ಪುಟದ ಕೆಳಗೆ ಒತ್ತಿದಳು. ಕಪ್ಪು ಮಚ್ಚೆ. ಗೆರೆಯಿಲ್ಲ.

"ಇದು ಯಾರದು ಅಂತ ಯಾರಾದ್ರೂ ಕೇಳಿದ್ರೆ?" ಎಂದಳು.

"ಹೇಳ್ತೀನಿ," ಎಂದೆ.

"ಜೋರಾಗಿ ಹೇಳು," ಎಂದಳು ಅಮ್ಮ.